ಉಪ್ಪುಗುಂಡಿಯ ನೀರು ತಿರುಗಿಸಿದ ಚಕ್ರ

"ಉಪ್ಪುನೀರು, ಸಿಹಿನೀರು ಸೇರಿಸಿ ಕರೆಂಟಾ? ಅಂಗಡಿ ಉಪ್ಪು ಕಲಸಿ ಆಟ ಆಡಬೇಡಿ ಮೇಷ್ಟ್ರೇ. ಕಾಡಲ್ಲಿ ತಾನಾಗಿ ಸಿಗೋ ನೀರಿಂದ ಚಕ್ರ ತಿರುಗಿಸಿ. ಆಮೇಲೆ ನಿಮ್ಮೂರ ಕರೆಂಟಿನ ಅರ್ಜಿ ನೋಡೋಣ."

ಕೊಳ್ಳೇಗಾಲದ ಇಂಜಿನಿಯರ್ ಸಾಹೇಬರು ಹೀಗೆಂದು ನಕ್ಕಾಗ ಶಿವಮಲ್ಲಪ್ಪ ಮೇಷ್ಟ್ರ ಮೈ ಉರಿದುಹೋಯಿತು. ಉರಿಯದೆ ಇನ್ನೇನು? ಬಂಡಳ್ಳಿ ಆಚೆಯ ಅವರ ಊರು ಕೆಂಚಯ್ಯನದೊಡ್ಡಿಯ ನೆತ್ತಿಯ ಮೇಲೇ ವಿದ್ಯುತ್ ತಂತಿ ಹಾದುಹೋಗಿತ್ತು. ಕೆಳಗೆ ಮಾತ್ರ ೧೯೭೪ರಲ್ಲೂ ಸೀಮೆಎಣ್ಣೆ ಬುಡ್ಡಿ!

ಮರುದಿನವೇ ಮೂವರು ಹನೂರಿನ ಕಾಡು ಹೊಕ್ಕರು. ಮುಂದೆ ದಾರಿ ಬಲ್ಲ ಮಾದಸ್ವಾಮಿ, ಹಿಂದೆ ಮೇಷ್ಟ್ರು, ನಡುವೆ ಅವರ ತಂಗಿ ರುದ್ರಾಣಿ, ಕೊಳ್ಳೇಗಾಲದ ರೇಷ್ಮೆ ನೇಯುವ ಮನೆಯ ಸೊಸೆ. ಬಿದಿರುಮೆಳೆಗಳನ್ನು ನುಸುಳಿ, ಕಾದ ಕಲ್ಲುಹಾಸು ದಾಟಿ ಇಳಿದರೆ ಕಮರಿಯ ತಳದಲ್ಲಿ ಉಪ್ಪುಗುಂಡಿ. ಆನೆ, ಕಾಟಿಗಳು ನೆಕ್ಕಿ ಬೋಳಾಗಿಸಿದ ಬಿಳಿ ಮಣ್ಣಿನ ನಡುವೆ ನಾಲಿಗೆಗೆ ಇಡಲಾಗದ ಉಪ್ಪುನೀರು. ಪಕ್ಕದಲ್ಲೇ ಒಂದು ಕೊಡದಷ್ಟು ಸಿಹಿನೀರಿನ ಒರತೆ.

ಡಬ್ಬಕ್ಕೆ ಉಪ್ಪುನೀರು ತುಂಬಿಕೊಂಡರು. ಲಾಟೀನಿನ ಗಾಜಿನ ಬುಡಕ್ಕೆ ರುದ್ರಾಣಿ ಮೇಕೆಯ ಕರುಳಿನ ಪೊರೆಯನ್ನು ರೇಷ್ಮೆ ನೂಲಿನಿಂದ ಬಿಗಿದಳು. ಗಾಜಿನೊಳಗೆ ಉಪ್ಪುನೀರು, ಹೊರಗಿನ ಬೋಗುಣಿಯಲ್ಲಿ ಒರತೆಯ ನೀರು. ಸಿಹಿನೀರು ಪೊರೆ ದಾಟಿ ಒಳನುಗ್ಗಬೇಕು, ಗಾಜಿನ ಮೇಲ್ತುದಿಗೆ ಸಿಕ್ಕಿಸಿದ ಸಣ್ಣ ನಳಿಗೆಯಲ್ಲಿ ಏರಿ, ಮೇಷ್ಟ್ರು ಬೆಂಡಿನಲ್ಲಿ ಮಾಡಿದ ಪುಟ್ಟ ಚಕ್ರದ ಮೇಲೆ ತೊಟ್ಟಿಕ್ಕಬೇಕು.

ಕಾದರು. ನೀರು ಕದಲಲಿಲ್ಲ.

ರುದ್ರಾಣಿ ಬೋಗುಣಿಯ ನೀರು ಬಾಯಿಗಿಟ್ಟಳು. "ಥೂ, ಇದೂ ಉಪ್ಪು! ಯಾರ್ಲಾ ಉಪ್ಪಾಕಿದ್ದು?"

"ನಾನೇ ಕಣವ್ವ," ಮಾದಸ್ವಾಮಿ ಮುಖ ಸಣ್ಣದು ಮಾಡಿದ. "ಮಾದಪ್ಪನ ಹರಕೆ ಉಪ್ಪು. ಒರತೆಗೆ ಆಕ್ದೆ ಈ ಕಾಡಿಂದ ವಾಪಸ್ ಓಗಕ್ಕಾದದಾ? ಗಂಟು ಪೂರ್ತಿ ಸುರ್ದೆ."

ಮೇಷ್ಟ್ರಿಗೆ ಸಿಟ್ಟು ನೆತ್ತಿಗೇರಿತು. ಎರಡೂ ಕಡೆ ಉಪ್ಪಾದರೆ ಯಾವ ನೀರು ಎಲ್ಲಿಗೆ ನುಗ್ಗೀತು? "ಬೇರೆ ಸಿಹಿನೀರಿನ ತೊರೆ ಎಲ್ಲದೆ, ಬೊಗಳು!"

"ಆ ಬಂಡೆ ಆಚೆ ಸಾ."

ಬಂಡೆ ಬಳಸಿದ ರುದ್ರಾಣಿ ಗಕ್ಕನೆ ನಿಂತಳು.

ಎದುರಿಗೆ ಆನೆ!

"ಉಪ್ಪು ನೆಕ್ಕಕ್ ಬಂದದೆ. ದಾರಿ ಬುಡವ್ವ," ಮಾದಸ್ವಾಮಿ ಪಿಸುಗುಟ್ಟಿ ಅವಳನ್ನು ಸಂದಿಗೆ ಎಳೆದ. ಆನೆ ನೇರ ಗುಂಡಿಯ ಕಡೆ ನಡೆಯಿತು.

"ಅಣ್ಣಾ, ಗಾಜು!"

ಗುಂಡಿಯ ಬಳಿಯೇ ಉಳಿದಿದ್ದ ಮೇಷ್ಟ್ರು ನೆಗೆದರು. ಗಾಜು, ಚಕ್ರ, ಡಬ್ಬ ಬಾಚಿಕೊಂಡು ಉರುಳಿದರು. ಬೋಗುಣಿ ಆನೆಯ ಕಾಲಡಿ ಅಪ್ಪಚ್ಚಿಯಾಯಿತು. ಮೂವರೂ ಬಿದ್ದೆದ್ದು ತೊರೆಗೆ ಓಡಿದರು.

ಡಬ್ಬದ ಉಪ್ಪುನೀರು ತುಂಬಿ ಗಾಜನ್ನು ತೊರೆಯಲ್ಲೇ ನಿಲ್ಲಿಸಿದರು. ನಳಿಗೆಯಲ್ಲಿ ನೀರು ಮೆಲ್ಲಗೆ ಏರಿತು. ಒಂದು ಹನಿ ಬಿತ್ತು. ಬೆಂಡಿನ ಚಕ್ರ ತಿರುಗಿತು! ಮಾದಸ್ವಾಮಿ ಅತ್ತೇಬಿಟ್ಟ.

ತರಚಿದ ಮೊಣಕಾಲುಗಳಲ್ಲೇ ಕೊಳ್ಳೇಗಾಲಕ್ಕೆ ಮರಳಿದರು. ಹೊತ್ತು ತಂದ ಕಾಡಿನ ನೀರಿನಿಂದಲೇ ಸಾಹೇಬರ ಮೇಜಿನ ಮೇಲೂ ಚಕ್ರ ತಿರುಗಿತು.

"ಇದರಿಂದ ಎಷ್ಟು ಬಲ್ಬು ಉರಿಯುತ್ತೆ?" ಸಾಹೇಬರು ಮತ್ತೆ ನಕ್ಕರು.

"ಈಗ ಒಂದೂ ಇಲ್ಲ ಸಾ," ಎಂದಳು ರುದ್ರಾಣಿ. "ನಮ್ಮೂರ್ ಮೇಲೆ ಓಗೋ ನಿಮ್ಮ ತಂತೀಲಿ ನಮ್ಮ ಮನೆಗಳಲ್ಲಿ ಎಷ್ಟು ಉರೀತವೆ?"

ಸಾಹೇಬರ ನಗು ನಿಂತಿತು. ಎದ್ದು ದೊಡ್ಡಿಯ ಅರ್ಜಿ ಹುಡುಕತೊಡಗಿದರು.