ಕರೆಯದೆ ಬಂದ ದೋಣಿ

"ಹಿಡ್ಕೋ."

ನೀರಿನೊಳಗಿಂದ ಅವಳಿಗೆ ಕಂಡಿದ್ದು ದೋಣಿಯ ಹಳದಿ ಮೂತಿ ಮಾತ್ರ. ಆದರೆ ದನಿ ಯಾರದೆಂದು ತಲೆಯೆತ್ತಿ ನೋಡಬೇಕಾಗಿರಲಿಲ್ಲ. ಮೂರು ವರ್ಷದಿಂದ ಕೇಳದ ದನಿ ಅದು... ಆದರೂ ಎದೆ ತಕ್ಷಣ ಗುರುತು ಹಿಡಿಯಿತು.

ಉಸಿರು ಒಳಗೆ ಹೋಗುತ್ತಿರಲಿಲ್ಲ. ಬಾಯಿ ತೆರೆದರೆ ಗಾಳಿಯ ಬದಲು ಕೆರೆಯೇ ಒಳನುಗ್ಗುತ್ತಿತ್ತು. ಸುತ್ತಲೂ ನೂರಾರು ಕೈಕಾಲುಗಳು ನೀರು ಬಡಿಯುತ್ತಾ ಅವಳನ್ನು ದಾಟಿ ಹೋಗುತ್ತಿದ್ದವು. ಯಾರದೋ ಹಿಮ್ಮಡಿ ಬಡಿದು ಈಜುವಾಗ ಹಾಕುವ ಕನ್ನಡಕ ಹಣೆಗೆ ಜಾರಿತ್ತು.

ಅಷ್ಟಾದರೂ ಅವಳು ದೋಣಿಯನ್ನು ಮುಟ್ಟಲಿಲ್ಲ.

"ಯಾರು ಕರೆದ್ರು ನಿನ್ನ?" ಕೆಮ್ಮುತ್ತಲೇ ಕೇಳಿದಳು. "ನಾನು ಕೈ ಎತ್ತಲಿಲ್ಲ."

"ಗೊತ್ತು. ನೀನು ಎತ್ತಲ್ಲ ಅಂತ ಗೊತ್ತಿದ್ದೇ ಬಂದೆ."

"ನಿನ್ನ ದೋಣಿ ಹಿಡಿಯೋದಕ್ಕಿಂತ ಮುಳುಗೋದೇ ವಾಸಿ."

"ಮುಳುಗೋದಾದ್ರೆ ಆಮೇಲೆ ಮುಳುಗು. ಈಗ ಹಿಡ್ಕೋ, ಮೊಂಡಿ. ಸುಧಾರಿಸ್ಕೊಳ್ಳೋಕೆ ದೋಣಿ ಹಿಡ್ಕೊಂಡ್ರೆ ತಪ್ಪಿಲ್ಲ. ದೋಣಿ ಮುಂದಕ್ಕೆ ಹೋಗಬಾರದು, ಅಷ್ಟೇ. ನೋಡು, ಹುಟ್ಟು ಎತ್ತಿಟ್ಟಿದ್ದೀನಿ."

ಅವನ ಎರಡೂ ಕೈ ಖಾಲಿ. ಹುಟ್ಟು ಅವನ ತೊಡೆಯ ಮೇಲೆ ಅಡ್ಡ ಮಲಗಿತ್ತು.

"ಆ ಹೆಸರು ಕರೀಬೇಡ."

"ಸರಿ. ಕರೆಯಲ್ಲ. ಹಿಡ್ಕೋ."

ಅವಳು ಹಿಡಿದಳು. ಹಿಡಿಯುವಾಗ ಅವನ ಮೇಲೆ ಬಂದ ಸಿಟ್ಟಿಗಿಂತ ತನ್ನ ಬೆರಳುಗಳ ಮೇಲೆ ಬಂದ ಸಿಟ್ಟೇ ದೊಡ್ಡದು. ಎಷ್ಟು ಗಟ್ಟಿಯಾಗಿ ಹಿಡಿದುಕೊಂಡವು ಅವು, ಮಾನಗೆಟ್ಟವು!

ಮೊದಲು ಈ ಕೆರೆಯಲ್ಲಿ ಈಜಬೇಕು. ಆಮೇಲೆ ಬಿಸಿಲೇರುವ ರಸ್ತೆಯಲ್ಲಿ ಸೈಕಲ್. ಕಾಲಲ್ಲಿ ಇನ್ನೂ ಜೀವ ಉಳಿದಿದ್ದರೆ ಕೊನೆಗೆ ಓಟ. ನಸುಕಿನಲ್ಲಿ ಶುರುವಾದ ಈ ಟ್ರಯಥ್ಲಾನ್ ಮುಗಿಯುವಾಗ ಬೀದಿದೀಪ ಹತ್ತುವ ಹೊತ್ತು. ಅವಳು ಆಗಲೇ, ಮೊದಲನೆಯ ತಿರುವಿನಲ್ಲೇ, ಹೀಗೆ ಜೋತು ಬಿದ್ದಿದ್ದಳು.

ಉಸಿರು ಹಿಡಿತಕ್ಕೆ ಬಂತು. ಕನ್ನಡಕ ಸರಿಮಾಡಿಕೊಂಡು ಕೈ ಬಿಡುವಾಗ ಅವನು ಮೆಲ್ಲಗೆ ಹೇಳಿದ.

"ಈ ನೀರಲ್ಲಿ ಕೈ ಎತ್ತೋದು ನಿಂಗೆ ಎಷ್ಟು ಕಷ್ಟ ಅಂತ ನಂಗೆ ಗೊತ್ತು. ಕಷ್ಟ ಆದ್ರೆ ಕೂಗು, ಸಾಕು. ನಾನು ಬರ್ತೀನಿ."

ಅವಳು ತಲೆ ಮುಳುಗಿಸಿ ಈಜತೊಡಗಿದಳು. ಆದರೆ ಆ ಮಾತು ಕಿವಿಯೊಳಗೆ ಹೊಕ್ಕ ನೀರಿನಂತೆ ಅಲ್ಲೇ ಉಳಿಯಿತು.

ಇವನಿಗೆ ಹೇಗೆ ಗೊತ್ತು? ಅದು ಅಮ್ಮನಿಗೂ ಗೊತ್ತಿಲ್ಲವಲ್ಲ...

ಅವಳ ಹಿಂದೆ, ಅರ್ಧ ಕೈ ದೂರದಲ್ಲಿ, ಇನ್ನೊಂದು ಉಸಿರಿನ ಸದ್ದು ಎಂದಿನಂತೆ ಹಿಂಬಾಲಿಸುತ್ತಿತ್ತು. ತಿರುಗಿದರೆ ಯಾರೂ ಇರುವುದಿಲ್ಲ. ಅದು ಅಣ್ಣನ ಉಸಿರು.

ಮೊಂಡಿ ಎಂದು ಹೆಸರಿಟ್ಟವನು ಅಣ್ಣನೇ. ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದ ತನ್ನ ಗೆಳೆಯನಿಗೆ ಬಾತು ಎಂದು ಹೆಸರಿಟ್ಟವನೂ ಅವನೇ. ಕೊನೆಗೆ ತಂಗಿಗೂ ಬಾತುವಿಗೂ ಗಂಟು ಹಾಕಲು ಓಡಾಡಿದವನೂ ಅವನೇ. "ಮೊಂಡಿಗೆ ಈಜು ಬರಲ್ಲ, ಬಾತುಗೆ ನೆಲದ ಮೇಲೆ ನಡೆಯೋಕೆ ಬರಲ್ಲ, ಒಳ್ಳೆ ಜೋಡಿ" ಎಂದು ಮನೆಯವರನ್ನೆಲ್ಲ ನಗಿಸಿ ಒಪ್ಪಿಸಿದ್ದ. ಅಣ್ಣನ ಟ್ರಯಥ್ಲಾನ್ ಮುಗಿದ ಮೇಲೆ ಮದುವೆ ಎಂದು ಮಾತಾಗಿತ್ತು.

ಅಣ್ಣ ಇದೇ ಕೆರೆಯಲ್ಲಿ ಅಭ್ಯಾಸ ಮಾಡುವಾಗ ಬಾತು ದೋಣಿಯಲ್ಲಿ ಕಾವಲಿರುತ್ತಿದ್ದ. ಅವಳು ಟವೆಲ್ಲು, ಫ್ಲಾಸ್ಕು ಹಿಡಿದು ದಡದಲ್ಲಿ ಕೂರುತ್ತಿದ್ದಳು. ಈಜುವವನು ಕೈ ಎತ್ತಿದರೆ ಕಷ್ಟದಲ್ಲಿದ್ದಾನೆ, ದೋಣಿ ಹೋಗಲೇಬೇಕು. ಆದರೆ ಅಣ್ಣ ಸುಮ್ಮಸುಮ್ಮನೆ ಕೈ ಎತ್ತುತ್ತಿದ್ದ. ಬಾತು ಬಿದ್ದಂಬೀಳ ಹುಟ್ಟು ಹಾಕಿಕೊಂಡು ಬಂದು "ಏನಾಯ್ತೋ?" ಎಂದರೆ, "ಏನಿಲ್ಲ, ಬೆನ್ನು ತುರಿಸ್ತಿದೆ. ಸ್ವಲ್ಪ ಕೆರಿ" ಎನ್ನುತ್ತಿದ್ದ.

ಅವತ್ತೂ ಕೆರೆಯ ನಡುವೆ ಕೈ ಎತ್ತಿದ.

ಬಾತು ನಕ್ಕು ಕೈ ಬೀಸಿದ. ದಡದಲ್ಲಿದ್ದ ಅವಳೂ ನಗುತ್ತಾ ಎದ್ದು ನಿಂತು ಕೈ ಬೀಸಿದಳು.

ಅಣ್ಣನ ಕೈ ನಿಧಾನವಾಗಿ ಕೆಳಗಿಳಿಯಿತು. ಮತ್ತೆ ಮೇಲೆ ಬರಲಿಲ್ಲ.

ಹೃದಯ ನಿಂತಿದೆ ಎಂದರು ಡಾಕ್ಟರು. ಬೇಗ ಹೋಗಿದ್ದರೆ ಉಳಿಯುತ್ತಿದ್ದನಾ ಎಂದು ಅಮ್ಮ ಕೇಳಿದಾಗ ಮೇಜು ನೋಡುತ್ತಾ "ಹೇಳೋಕಾಗಲ್ಲ" ಅಂದರು. ಆ 'ಹೇಳೋಕಾಗಲ್ಲ' ಎಂಬುದು ಅವತ್ತಿನಿಂದ ಮನೆಯಲ್ಲಿ ಇನ್ನೊಬ್ಬ ಮನುಷ್ಯನ ಹಾಗೆ ವಾಸವಾಗಿತ್ತು.

ಜನ ತುಂಬಿದ ಮನೆಯಲ್ಲಿ ಅವಳು ಬಾತುವನ್ನು ನಿಲ್ಲಿಸಿ ಕೇಳಿದ್ದಳು.

"ಅವನು ಕೈ ಎತ್ತಿದ್ದು ನೋಡಿದ್ಯಾ?"

"ನೋಡಿದೆ."

"ನೋಡಿ ಏನ್ಮಾಡ್ದೆ?"

"ನಕ್ಕೆ. ಕೈ ಬೀಸಿದೆ."

ಅಷ್ಟೇ. ಅದರ ಮೇಲೆ ಅವನು ಒಂದು ಮಾತೂ ಸೇರಿಸಲಿಲ್ಲ. ಮದುವೆ ಮುರಿಯಿತು. ಜೊತೆಗಾರನನ್ನೇ ಉಳಿಸಿಕೊಳ್ಳದವನು ನಮ್ಮ ಮಕ್ಕಳನ್ನೇನು ಕಾಯ್ತಾನೆ ಎಂದು ಜನ ತಮ್ಮ ಮಕ್ಕಳನ್ನು ಬಿಡಿಸಿಕೊಂಡರು. ಅವನೀಗ ಅದೇ ಈಜುಕೊಳದ ಹಿಂದಿನ ಪಂಪಿನ ಕೋಣೆಯಲ್ಲಿ ನೀರು ಶುದ್ಧ ಮಾಡುವ ಕೆಲಸ ಮಾಡುತ್ತಿದ್ದ. ಇವತ್ತು ಕಾವಲು ದೋಣಿಗಳಿಗೆ ಜನ ಸಾಲದೆ ಅವನನ್ನೂ ಕರೆದಿರಬೇಕು.

ತಪ್ಪು ಅವನೊಬ್ಬನದೇ ಎಂದು ಊರು ನಂಬಿತು. ತಾನೂ ಕೈ ಬೀಸಿದ್ದನ್ನು ಯಾರಿಗೂ ಹೇಳದೆ ಅವಳೂ ನಂಬಲು ನೋಡಿದಳು. ಹಗಲು ಹೊತ್ತಿನಲ್ಲಿ, ತಾನು ಕೆಲಸಕ್ಕಿದ್ದ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜುವಾಗ, ನಂಬಲು ಆಗುತ್ತಿತ್ತು. ಮನೆಗೆ ಬಂದರೆ ಮಹಡಿಯ ಕೋಣೆಯಲ್ಲಿ ಮೊಳೆಗೆ ತಗುಲಿಸಿದ ಅಣ್ಣನ ಸೈಕಲ್ಲಿನ ಹಿಂದಿನ ಚಕ್ರ, ಕಿಟಕಿ ಮುಚ್ಚಿದ್ದರೂ, ಟಿಕ್ ಟಿಕ್ ಎಂದು ತಾನೇ ತಿರುಗುತ್ತಿತ್ತು. ಅಮ್ಮನೂ ಅದನ್ನು ಕೇಳಿಸಿಕೊಳ್ಳುತ್ತಾರೆಂದು ಅವಳಿಗೆ ಗೊತ್ತಿತ್ತು. ಇಬ್ಬರೂ ಆ ಬಗ್ಗೆ ಮಾತಾಡಿರಲಿಲ್ಲ.

ಅಣ್ಣ ಅರ್ಧಕ್ಕೆ ಬಿಟ್ಟಿದ್ದನ್ನು ಯಾರಾದರೂ ಮುಗಿಸಿದರೆ ಆ ಚಕ್ರ ನಿಂತೀತು... ಆ ಆಸೆಯೊಂದೇ ಅವಳಿಗೆ ಈಜು ಕಲಿಸಿತು, ಇವತ್ತು ಈ ನೀರಿಗೆ ಇಳಿಸಿತು. ಹೊರಡುವಾಗ ಅಮ್ಮ ಗೋಡೆ ಕಡೆ ಮುಖ ಮಾಡಿ ಹೇಳಿದ್ದಿಷ್ಟೇ. "ಒಂದನ್ನ ಕೊಟ್ಟಾಯ್ತು. ಇನ್ನೊಂದನ್ನೂ ಕೇಳುತ್ತಾ ಆ ಕೆರೆ?"

ಕೆರೆ ಅವಳನ್ನು ಕೇಳಲಿಲ್ಲ, ಹಿಂದಕ್ಕೆ ಕೊಟ್ಟಿತು. ಬಹುತೇಕ ಕೊನೆಯವಳಾಗಿ ದಡ ಹತ್ತಿ, ಒದ್ದೆ ಮೈಯಲ್ಲೇ ಅಣ್ಣನ ಸೈಕಲ್ ಏರಿದಳು.

ಊರು ಹಿಂದೆ ಬಿತ್ತು. ಬಿಸಿಲೇರಿತು. ಮುಂದೆ ಹೋದವರು ಚುಕ್ಕೆಗಳಾಗಿ, ಚುಕ್ಕೆಗಳೂ ಇಲ್ಲವಾಗಿ, ರಸ್ತೆಯಲ್ಲಿ ಅವಳೊಬ್ಬಳೇ ಉಳಿದಳು. ಹಿಂದಿನಿಂದ ಟಿಕ್ ಟಿಕ್ ಸದ್ದು. ಯಾರೋ ತುಳಿಯುವುದನ್ನು ಬಿಟ್ಟು ಚಕ್ರವನ್ನು ಹಾಗೇ ಉರುಳಲು ಬಿಟ್ಟಂತೆ. ತಿರುಗಿ ನೋಡಿದಳು. ಯಾರೂ ಇಲ್ಲ.

"ಮುಂದೆ ಹೋಗೋ ಹಾಗಿದ್ರೆ ಹೋಗು ಅಣ್ಣ," ಎಂದಳು ಗಟ್ಟಿಯಾಗಿ. "ಹಿಂದೆ ಬರಬೇಡ."

ಸದ್ದು ಹಿಂದೆಯೇ ಬಂತು.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದಿನ ಟೈರು ಉಸ್ಸೆಂದು ಮಲಗಿತು. ಪಂಚರ್! ಬೇರೆಯವರ ಸಹಾಯ ಪಡೆದರೆ ಆಟದಿಂದ ಹೊರಗೆ. ರಸ್ತೆ ಬದಿಯಲ್ಲಿ ಕೂತು ಟೈರು ಬಿಚ್ಚಿದಳು. ಕೂದಲೆಳೆಯಷ್ಟೂ ವ್ಯತ್ಯಾಸವಾಗದಂತೆ ಗಾಜು ಉಜ್ಜುವ ಬೆರಳುಗಳು ಇವತ್ತು ಒಂದು ಟ್ಯೂಬು ಕೂರಿಸಲು ಮೂರು ಸಲ ಬಿಚ್ಚಿ ಹಾಕಿದವು.

ಗಾಳಿ ಹೊಡೆಯುತ್ತಾ ಕೂತಾಗ ಅದೇ ಪ್ರಶ್ನೆ ಮತ್ತೆ ಬಂತು. ಇವನಿಗೆ ಹೇಗೆ ಗೊತ್ತು?

ನಾನು ಕೈ ಬೀಸಿದ್ದನ್ನು ನೋಡಿರಬೇಕು. ಆದರೆ ದೋಣಿ ಇದ್ದದ್ದು ನನ್ನ ಮತ್ತು ಅಣ್ಣನ ನಡುವೆ. ಅಣ್ಣನ ಕಡೆ ಮುಖ ಮಾಡಿದ್ದವನಿಗೆ ನಾನು ಬೆನ್ನ ಹಿಂದೆ. ನನ್ನನ್ನು ನೋಡಬೇಕಾದರೆ ಅವನು ತಿರುಗಿರಬೇಕು.

ಯಾಕೆ ತಿರುಗಿದ?

ಪಂಪು ಒತ್ತುತ್ತಿದ್ದ ಕೈ ನಿಂತಿತು. ಮೂರು ವರ್ಷದಿಂದ ಕಣ್ಣ ಮುಂದೆಯೇ ಇದ್ದ ಒಂದು ಚಿತ್ರ ಈಗ ಸರಿಯಾಗಿ ಕಂಡಿತು. ಅವತ್ತು ಬಾತು ಹುಟ್ಟು ಎತ್ತಿ ಹಿಡಿದಿದ್ದ. ಹೊರಡಲು ತಯಾರಾಗಿದ್ದ. ಆಮೇಲೆ ಕೆಳಗಿಟ್ಟ. ಅವನ ಸೋಮಾರಿತನ ಅದು ಎಂದು ಎಷ್ಟು ಸಲ ಶಪಿಸಿದ್ದಳು!

ಎತ್ತಿದ್ದಕ್ಕೂ ಇಟ್ಟಿದ್ದಕ್ಕೂ ನಡುವೆ ಅವನು ಅನುಮಾನದಿಂದ ದಡದ ಕಡೆ ತಿರುಗಿದ್ದ. ತಂಗಿ ಏನನ್ನುತ್ತಾಳೆ ಎಂದು ನೋಡಿದ್ದ. ತಂಗಿ ನಗುತ್ತಾ ಕೈ ಬೀಸುತ್ತಿದ್ದಳು. ಆಗ ಹುಟ್ಟು ಇಟ್ಟು, ತಾನೂ ಕೈ ಬೀಸಿದ.

ಮೊದಲು ಬೀಸಿದ ಕೈ ನನ್ನದು.

ಊರಿನವರಿಗೆಲ್ಲ ಕಣ್ಣು ಕಾಣಿಸುವಂತೆ ಮಾಡುವವಳು ರಸ್ತೆ ಬದಿಯ ಧೂಳಿನಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅವನು ಇಷ್ಟನ್ನೂ ನುಂಗಿಕೊಂಡಿದ್ದ. ಇಷ್ಟೂ ಜನರ ಮುಂದೆ. ಅವಳದೇ ಮುಂದೆ.

ಆಮೇಲೆ ಮೂಗು ಒರೆಸಿಕೊಂಡು ಮಿಕ್ಕ ಗಾಳಿ ಹೊಡೆದಳು. ಅತ್ತರೆ ಟೈರು ಉಬ್ಬುವುದಿಲ್ಲವಲ್ಲ.

ಓಟ ಶುರುವಾಗುವಾಗ ನೆರಳುಗಳು ಉದ್ದವಾಗಿದ್ದವು. ಊರೊಳಗಿನ ಬೀದಿಗಳನ್ನು ಸುತ್ತಿ ಸುತ್ತಿ ಓಡಬೇಕು. ಕೊನೆಯ ಸುತ್ತಿನಲ್ಲಿ ಮೀನಖಂಡ ಕಲ್ಲಿನಂತೆ ಸೆಟೆದುಕೊಂಡಿತು. ದೀಪದ ಕಂಬ ಹಿಡಿದು ನಿಂತಳು. ಎದುರಿಗೆ ಫುಟ್‌ಪಾತಿನ ಮೇಲೆ ಒಬ್ಬ ಹೆಂಗಸು ನಿಂತಿದ್ದರು, ಕೈಯಲ್ಲಿ ಸ್ಟೀಲ್ ಲೋಟ.

ಅಮ್ಮ.

"ನೀರು ಕುಡಿ."

"ಕುಡಿಯೋ ಹಾಗಿಲ್ಲಮ್ಮ. ಹೊರಗಿನೋರ ಕೈಯಿಂದ ತಗೊಂಡ್ರೆ ಆಟದಿಂದ ತೆಗೆದು ಹಾಕ್ತಾರೆ."

"ನಾನು ಹೊರಗಿನೋಳಾ? ಹೆತ್ತ ತಾಯಿ ಕೈ ನೀರು ಕುಡಿಬಾರದು ಅನ್ನೋದು ಇದ್ಯಾವ ಸೀಮೆ ಆಟ ಕಣೇ?"

ಅವಳಿಗೆ ನಗು ಬಂತು, ಅದರ ಬಾಲ ಹಿಡಿದು ಅಳುವೂ ಬಂತು.

"ಅಮ್ಮ... ಅವತ್ತು ಅಣ್ಣ ಕೈ ಎತ್ತಿದಾಗ ನಾನೂ ಕೈ ಬೀಸ್ದೆ. ಬಾತು ಹೊರಟಿದ್ದ. ನನ್ನ ನೋಡಿ ನಿಂತ."

ಅಮ್ಮ ಲೋಟದ ನೀರನ್ನು ನೋಡುತ್ತಾ ನಿಂತರು.

"ಅವತ್ತು ಬೆಳಿಗ್ಗೆ ಎದೆ ಹಿಂಡ್ತಿದೆ ಅಮ್ಮ ಅಂದ ನಿಮ್ಮಣ್ಣ," ಎಂದರು. "ಖಾಲಿ ಹೊಟ್ಟೆ ಕಣೋ, ಗ್ಯಾಸು, ಹೋಗು ಅಂದೆ ನಾನು. ನಾನೂ ಯಾರಿಗೂ ಹೇಳಿಲ್ಲ. ಎಲ್ಲರೂ ಆ ಹುಡುಗನ ತಲೆಗೇ ಕಟ್ತಿದ್ರು, ಕಟ್ಟಲಿ ಅಂತ ಸುಮ್ಮನಿದ್ದೆ."

ತಾಯಿ ಮಗಳು ಒಬ್ಬರನ್ನೊಬ್ಬರು ನೋಡಿದರು. ಒಂದೇ ಮನೆಯಲ್ಲಿ ಒಂದೇ ಚಕ್ರದ ಸದ್ದು ಕೇಳುತ್ತಾ, ಎಷ್ಟು ದೂರ ಬದುಕಿದ್ದರು ಇಬ್ಬರೂ!

"ಮುಟ್ಟಬಹುದಾ ನಿನ್ನ?"

"ಬೇಡಮ್ಮ. ಆಮೇಲೆ."

"ಸರಿ. ಈ ಫುಟ್‌ಪಾತ್ ಮೇಲೆ ನಾನು ನಿಂತಿರ್ತೀನಿ. ಅದಕ್ಕೂ ಏನಾದ್ರೂ ಕಾನೂನಿದೆಯಾ?"

"ಇಲ್ಲ."

"ಹಾಗಾದ್ರೆ ಓಡು. ನಾನು ನೋಡ್ತಿರ್ತೀನಿ."

ಅವಳು ಓಡಿದಳು. ಓಟ ಎಂದರೆ ಅತಿಶಯ, ಕುಂಟಿದಳು ಎನ್ನಬೇಕು. ಕೊನೆಯ ಗೆರೆ ದಾಟುವಾಗ ಚಪ್ಪಾಳೆ ತಟ್ಟಲು ಬೆರಳೆಣಿಕೆಯ ಜನ ಉಳಿದಿದ್ದರು. ಯಾರೋ ಕೊರಳಿಗೆ ಪದಕ ಹಾಕಿದರು. ಅವಳು ಕಿವಿಗೊಟ್ಟು ಕೇಳಿದಳು. ಟಿಕ್ ಟಿಕ್ ನಿಂತಿರಲಿಲ್ಲ. ದೂರದಲ್ಲಿ, ಕೆರೆಯ ಕಡೆಯಿಂದ, ಸಣ್ಣಗೆ ಕೇಳುತ್ತಲೇ ಇತ್ತು.

ಪದಕಕ್ಕೆ ನಿಲ್ಲುವ ಚಕ್ರವಲ್ಲ ಅದು.

"ದೋಣಿಯವರು ಹೋದ್ರಾ?" ಪದಕ ಹಾಕಿದವರನ್ನೇ ಕೇಳಿದಳು.

"ಒಬ್ಬರಿದ್ದಾರೆ. ನೀರಲ್ಲಿ ಬಿಟ್ಟಿದ್ದ ಗುರುತಿನ ಬಲೂನುಗಳನ್ನ ಎತ್ತಿಡ್ತಿದ್ದಾರೆ."

ಕೆರೆಯ ಮೇಲೆ ಬೆಳಕು ಆರುತ್ತಿತ್ತು. ನಡುವೆ ಒಂದು ಹಳದಿ ದೋಣಿ, ಅದರಲ್ಲಿ ಬೆನ್ನು ಬಗ್ಗಿಸಿ ಹಗ್ಗ ಬಿಚ್ಚುತ್ತಿದ್ದ ಒಬ್ಬ. ಅವತ್ತು ದೋಣಿ ನಿಂತಿದ್ದ ಜಾಗವೇ ಅದು. ಅವಳು ಅವತ್ತು ಕೂತಿದ್ದ ಕಲ್ಲಿನ ಪಕ್ಕದಲ್ಲೇ ಬಂದು ನಿಂತಳು. ಕೂಗಲು ದನಿ ಇರಲಿಲ್ಲ.

ಬಲಗೈ ಎತ್ತಬೇಕು. ಅಷ್ಟೇ ಕೆಲಸ. ಕೆರೆ ಈಜಿ, ಸೈಕಲ್ ತುಳಿದು, ಓಡಿ ಬಂದವಳಿಗೆ ಅದೇ ಬೆಟ್ಟದಷ್ಟಾಯಿತು. ಅವನೂ ನಕ್ಕು ಕೈ ಬೀಸಿದರೆ? ಬೀಸಿ ಸುಮ್ಮನಾದರೆ?

ಎತ್ತಿದಳು.

ಅವನು ತಲೆಯೆತ್ತಿ ನೋಡಿದ. ಒಂದು ಗಳಿಗೆ ಕಲ್ಲಾದ. ನಗಲಿಲ್ಲ, ಕೈ ಬೀಸಲಿಲ್ಲ. ಹಿಡಿದಿದ್ದ ಹಗ್ಗವನ್ನು ನೀರಿಗೆ ಎಸೆದು ಹುಟ್ಟು ಹಿಡಿದ. ದೋಣಿ ನೀರು ಸೀಳಿಕೊಂಡು ಬಂತು, ಜೀವ ಹೋಗುತ್ತಿರುವವರ ಬಳಿಗೆ ಬರುವ ಹಾಗೆ. ದೋಣಿ ಹತ್ತಿರವಾದಷ್ಟೂ ಟಿಕ್ ಟಿಕ್ ಸದ್ದು ಕ್ಷೀಣವಾಗುತ್ತಾ ಹೋಯಿತು. ಆಮೇಲೆ ಹುಟ್ಟಿನ ಸದ್ದೊಂದೇ ಉಳಿಯಿತು.

"ಏನಾಯ್ತು?" ಎಂದ ಏದುಸಿರಿನಲ್ಲಿ. "ಏನಾಯ್ತು ನಿಂಗೆ?"

ಹೇಳಬೇಕೆಂದಿದ್ದ ಮಾತುಗಳೇ ಬೇರೆ. ಹೊರಬಂದದ್ದೇ ಬೇರೆ.

"ಏನಿಲ್ಲ... ಬೆನ್ನು ತುರಿಸ್ತಿದೆ."

ಅವನು ಅವಳನ್ನೇ ನೋಡಿದ. ಅವನ ಮುಖದಲ್ಲಿ ನಗು ಬರಲು ಹೋಗಿ ಮುರಿಯಿತು. ದೋಣಿಯಲ್ಲೇ ಮುಖ ಮುಚ್ಚಿಕೊಂಡು ಅತ್ತ, ಮೂರು ವರ್ಷದ ಅಳು. ಅವಳು ಮೊಣಕಾಲುದ್ದ ನೀರಿಗಿಳಿದು ದೋಣಿಯ ಅಂಚು ಹಿಡಿದಳು.

"ಮೊದಲು ಕೈ ಬೀಸಿದ್ದು ನಾನು. ನೀನು ನೋಡಿದ್ದೆ. ಯಾಕೆ ಹೇಳ್ಲಿಲ್ಲ ಬಾತು?"

"ಹೇಳಿ ಏನಾಗ್ತಿತ್ತು? ನೀನೂ ಮುಳುಗ್ತಿದ್ದೆ. ಒಬ್ಬರಾದ್ರೂ ದಡದಲ್ಲಿರ್ಲಿ ಅನ್ನಿಸ್ತು."

"ನಾನು ದಡದಲ್ಲಿರ್ಲಿಲ್ಲ ಕಣೋ. ಅವತ್ತಿಂದ ನೀರಲ್ಲೇ ಇದ್ದೀನಿ." ಕಣ್ಣೊರೆಸಿಕೊಂಡಳು. "ಅಮ್ಮಂಗೆ ಹೇಳಾಯ್ತು. ಊರಿಗೂ ಹೇಳ್ತೀನಿ. ನೀನು ಮತ್ತೆ ಮಕ್ಕಳಿಗೆ ಈಜು ಕಲಿಸ್ಬೇಕು. ಆಮೇಲೆ... ನನ್ನನ್ನ ಇನ್ನೂ ಬೇಕು ಅನ್ನಿಸಿದ್ರೆ..."

"ಬೇಡ ಅನ್ನಿಸಿದ ದಿನ ಯಾವುದೂ ಇರ್ಲಿಲ್ಲ."

ಕತ್ತಲಾಗುತ್ತಿತ್ತು. ಕೆರೆಯ ನಡುವೆ ಬಿಚ್ಚಿದ ಬಲೂನೊಂದು ತನ್ನಷ್ಟಕ್ಕೆ ತೇಲುತ್ತಾ ಆಚೆ ದಡದ ಕಡೆ ಹೊರಟಿತ್ತು. ಅವಳ ಕೈ ದೋಣಿಯ ಅಂಚಿನಿಂದ ಸರಿದು ಅವನ ಕೈ ಹಿಡಿಯಿತು.

"ಈಗ ಹಿಡ್ಕೊಂಡ್ರೆ ದೋಣಿ ಮುಂದಕ್ಕೆ ಹೋಗಬಹುದಾ?"

"ಆಟ ಮುಗೀತಲ್ಲ, ಮೊಂಡಿ. ಎಲ್ಲಿಗೆ ಬೇಕಾದ್ರೂ ಹೋಗಬಹುದು." ತಟ್ಟನೆ ನಾಲಿಗೆ ಕಚ್ಚಿಕೊಂಡ. "ತಪ್ಪಾಯ್ತು. ಆ ಹೆಸರು ಕರೀಬೇಡ ಅಂದಿದ್ದೆ."

ಅವಳು ಅವನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

"ಇನ್ನೊಂದ್ಸಲ ಕರಿ."