ಹೊಸಿಲಿನ ಗುಂಡಿ

ಗೋಡೆಯ ಬಿರುಕಿಗೆ ಸಿಂಪಡಿಸಿದ ಗಾರೆಜೀವಿ ಕಣ್ಣೆದುರೇ ಕೆಲಸ ಮಾಡುತ್ತಿತ್ತು. ಅದು ವಿಜ್ಞಾನಿ ಇಂಚರ ವರ್ಷಗಟ್ಟಲೆ ನಿದ್ದೆಗೆಟ್ಟು ಬೆಳೆಸಿದ ಸೂಕ್ಷ್ಮಾಣು. ಗಾಳಿಯ ಇಂಗಾಲವನ್ನು ಹೀರಿ ಸುಣ್ಣಕಲ್ಲು ಕಟ್ಟುವುದು, ಮೂಲ ನಕ್ಷೆಯ ಮಟ್ಟ ಮುಟ್ಟಿದ ಕೂಡಲೇ ಸಾಯುವುದು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಆ ಬಹುಮಹಡಿ ಸರ್ಕಾರಿ ಕಚೇರಿಗೆ ಈಗ ನೂರು ತುಂಬಿತ್ತು. ಕೆಡವುವುದೇ ಸರಿ ಎಂದು ಎಲ್ಲರೂ ಕೈಚೆಲ್ಲಿದಾಗ, ಉಳಿಸಿಕೊಡುತ್ತೇನೆಂದು ಹಟ ಹಿಡಿದವಳು ಇಂಚರಳೇ.

ಹಟಕ್ಕೆ ಕಾರಣ ಅವಳ ತಂದೆ ತಿಪ್ಪೇಸ್ವಾಮಿ. ಇಲ್ಲಿಯೇ ಗುಮಾಸ್ತರಾಗಿ ಸೇರಿ ಇಲ್ಲಿಯೇ ನಿವೃತ್ತರಾದವರು. ಈಗ ಮರೆವಿನ ಕಾಯಿಲೆ. ಮನೆಯಲ್ಲಿ ಮಗಳನ್ನೇ "ನರ್ಸಮ್ಮಾ" ಎನ್ನುವರು. ಆದರೆ ನಾಲ್ಕನೆಯ ಮಹಡಿಯ ತಮ್ಮ ಹಳೆಯ ವಿಭಾಗದ ಬಾಗಿಲಲ್ಲಿ ಕೂತು ಹೊಸಿಲು ಸವರಿದರೆ ಸಾಕು, ಮುಖ ತಿಳಿಯಾಗುತ್ತಿತ್ತು. "ಇಂಚೂ, ಊಟ ಆಯ್ತೇನೇ?" ಎನ್ನುತ್ತಿದ್ದರು. ಆ ಒಂದು ಮಾತಿಗಾಗಿ ಅವಳು ದಿನಾ ಅವರನ್ನು ಕರೆತರುತ್ತಿದ್ದಳು.

"ಮೇಡಂ, ಈ ಹೊಸಿಲಲ್ಲೊಂದು ಗುಂಡಿ ಇದೆ. ಇದನ್ನೂ ಮುಚ್ಚಿಸ್ಲಾ?" ಎಂದು ಸೈಟ್ ಇಂಜಿನಿಯರ್ ನವಾಜ್ ಕೇಳಿದ.

"ಒಂದನ್ನೂ ಬಿಡ್ಬೇಡಿ. ಹೊಸದ್ರಲ್ಲಿ ಹೇಗಿತ್ತೋ ಹಾಗೇ ಆಗ್ಬೇಕು. ಅಪ್ಪ ನೋಡಿ ಖುಷಿಪಡ್ಬೇಕು."

ಜಾಣೆ ಎಂದರೆ ಜಾಣೆ, ಆದರೂ ಇಷ್ಟು ಹೊಳೆಯಲಿಲ್ಲ: ಅಪ್ಪ ಆ ಕಟ್ಟಡವನ್ನು ಹೊಸದಾಗಿ ಕಂಡೇ ಇರಲಿಲ್ಲ. ಅವರು ಕೆಲಸಕ್ಕೆ ಸೇರುವಾಗಲೇ ಅದು ಹಳೆಯದು.

ಗಾರೆಜೀವಿ ತನ್ನ ಕೆಲಸ ಮುಗಿಸಿದ ಮೇಲೆ ಅವಳು ತಂದೆಯನ್ನು ಸಂಭ್ರಮದಿಂದ ಕರೆತಂದಳು. ಹೊಸಿಲು ನುಣ್ಣಗಿತ್ತು. ತಿಪ್ಪೇಸ್ವಾಮಿಯವರ ಹೆಬ್ಬೆರಳು ಅದರ ಮೇಲೆ ಹುಡುಕಿತು, ಮತ್ತೆ ಮತ್ತೆ ಹುಡುಕಿತು.

"ಗುಂಡಿ ಎಲ್ಲಿ?" ಎಂದರು. "ಆಯುಧಪೂಜೆಗೆ ಇಲ್ಲೇ ಅಲ್ವಾ ಕಾಯಿ ಒಡೀತಿದ್ದಿದ್ದು? ಪ್ರತಿ ವರ್ಷ ನಾನೇ ಒಡೀತಿದ್ದೆ. ಇದು ನಮ್ಮ ಆಫೀಸಲ್ಲ. ನರ್ಸಮ್ಮಾ, ಮನೇಲಿ ನನ್ನ ಮಗಳು ಕಾಯ್ತಿರ್ತಾಳೆ. ಕರ್ಕೊಂಡ್ಹೋಗಿ."

ಪಕ್ಕದಲ್ಲಿದ್ದ ನವಾಜ್ ಓಡಿಹೋಗಿ ಉಳಿ ಸುತ್ತಿಗೆ ತಂದು ಅಲ್ಲೇ ಒಂದು ಗುಂಡಿ ಕೆತ್ತಿದ. ತಿಪ್ಪೇಸ್ವಾಮಿ ಅದರ ಒರಟು ಅಂಚಿಗೆ ಬೆರಳಿಟ್ಟು, ಬಿಸಿ ತಾಗಿದಂತೆ ಹಿಂದಕ್ಕೆ ಎಳೆದುಕೊಂಡರು. ಆಮೇಲೆ ಅವರು ಬದುಕಿದ್ದಷ್ಟು ದಿನವೂ ಮಗಳನ್ನು ಹೆಸರು ಹಿಡಿದು ಕರೆಯಲಿಲ್ಲ.

ಈಗ ಊರೂರುಗಳಿಂದ ಅವಳಿಗೆ ಫೋನು ಬರುತ್ತದೆ, ನಮ್ಮ ಹಳೆಯ ಕಟ್ಟಡವನ್ನೂ ಹೊಸದು ಮಾಡಿಕೊಡಿ ಎಂದು. ಇಂಚರ ಎಲ್ಲರಿಗೂ ಹೇಳುವುದು ಒಂದೇ ಮಾತು.

"ಮೊದ್ಲು ಅಲ್ಲಿ ಕೆಲ್ಸ ಮಾಡಿದೋರನ್ನ ಕರೆಸಿ. ಅವರು ಎಲ್ಲೆಲ್ಲಿ ಕೈಯಿಡ್ತಾರೆ ನೋಡ್ಕೊಳ್ಳಿ. ಅವರಿಗಿನ್ನೂ ನೆನಪಿರುವಾಗ್ಲೇ."