ಹೆಪ್ಪು ಹಾಕುವ ಮುಂಚಿನ ಮಾತು

ಮುದೇನಕೊಪ್ಪದ ಪಂಪ್‌ಹೌಸಿನಲ್ಲಿ ಹೊಸ ಯಂತ್ರಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ಗಂಗವ್ವ ಎಂಬ ಪ್ರೋಗ್ರಾಮಿನ ಫೈಲು ತೆರೆದರು. ಪರದೆ ಪೂರ್ತಿ ಬೆಳಗುವ ಮೊದಲೇ ಒಳಗಿನಿಂದ ಹೆಣ್ಣುದನಿ ಕೇಳಿತು: "ಆತ್ರೀ ಅಕ್ಕಾರ, ಹಂಗ ಮಾಡ್ತೇನಿ."

ಅದಕ್ಕೆ ಯಾರೂ ಏನೂ ಹೇಳಿರಲಿಲ್ಲ. ನೆರೆದವರು ಮುಖ ಮುಖ ನೋಡಿಕೊಂಡರು.

"ಯಾರಿಗೆ ಹೇಳಾಕತ್ತೈತ್ರಿ ಅದು?" ಎಂದು ಪುರಸಭೆಯ ಅಧ್ಯಕ್ಷರು ಕೇಳಿದರು.

"ನನಗ್ರೀ," ಎಂದಳು ಇಂಚರಾ ಕಡಪಟ್ಟಿ. ಗಂಗವ್ವನನ್ನು ಬೆಳೆಸಿದ ವಿಜ್ಞಾನಿ ಈಕೆಯೇ. ಪ್ರತಿ ಊರಿನಲ್ಲೂ ಈ ಪ್ರಶ್ನೆ ಬರುತ್ತಿತ್ತು, ಪ್ರತಿ ಊರಿನಲ್ಲೂ ಆಕೆ ಇದೇ ಉತ್ತರ ಕೊಡುತ್ತಿದ್ದಳು. "ನಮ್ಮ ಗರಗನಾಳದಾಗ ಇದರ ಹೆಪ್ಪು ತಗಿಯೂ ಹೊತ್ತಿಗೆ ನಾ ಏನೋ ಕೆಲಸ ಹೇಳಿದ್ದೆ. ಉತ್ತರ ಬಾಯಿಗೆ ಬರೂದ್ರಾಗ ಗುಂಡಿ ಒತ್ತಿಬಿಟ್ಟೆ. ಅದಕ್ಕ ಎಲ್ಲಿ ಎಬ್ಬಿಸಿದ್ರೂ ಮೊದಲ 'ಆತ್ರೀ' ಅಂತೈತಿ."

"ಏನ ಕೆಲಸ ಹೇಳಿದ್ರಿ?"

"ಅದು ಮಾತ್ರ ದೇವರಾಣಿ ನೆನಪಿಲ್ಲ."

ಎಲ್ಲರೂ ನಕ್ಕರು. ಎಷ್ಟು ವಿಧೇಯ ಯಂತ್ರ ನೋಡ್ರಿ, ನಮ್ಮ ಸೊಸೆಯಂದಿರು ಹಿಂಗ ಇರಬೇಕಿತ್ತು ಎಂದು ಅಧ್ಯಕ್ಷರು ಚೇಷ್ಟೆ ಮಾಡಿದರು. ಇಂಚರಾಳೂ ನಕ್ಕಳು. ಆಕೆಗೆ ನಿಜವಾಗಿಯೂ ನೆನಪಿರಲಿಲ್ಲ. ಮುಂದೆ ಆಕೆ ಅತಿ ಹೆಚ್ಚು ನಾಚಿಕೊಂಡದ್ದು ಇದಕ್ಕೇ. ಆ ಮಾತು ನೆನಪಿಡುವಷ್ಟು ದೊಡ್ಡದು ಎಂದು ಆಕೆಗೆ ಅನಿಸಿಯೇ ಇರಲಿಲ್ಲ.

ಗಂಗವ್ವ ಎಂದರೆ ಊರಿಗೆ ನೀರು ಬಿಡುವ ಪ್ರೋಗ್ರಾಮ್. ಯಾವ ಓಣಿಯ ವಾಲ್ವ್ ಎಷ್ಟು ತಿರುಗಿಸಬೇಕು, ಪೈಪು ಎಲ್ಲಿ ಸೋರುತ್ತಿದೆ, ಬೇಸಿಗೆಯಲ್ಲಿ ಯಾರಿಗೆ ಎಷ್ಟು ಹೊತ್ತು ಬಿಟ್ಟರೆ ನೀರಿನ ಟಾಕಿ ತಳ ಕಾಣುವುದಿಲ್ಲ ಎಂಬುದನ್ನೆಲ್ಲ ಯಾರೋ ಬರೆದುಕೊಟ್ಟು ಕಲಿಸಿದ್ದಲ್ಲ. ಗರಗನಾಳದಲ್ಲಿ ವರ್ಷಗಟ್ಟಲೆ ನೀರು ಬಿಡುತ್ತ, ಜನರ ಫೋನಿಗೆ ಉತ್ತರ ಕೊಡುತ್ತ, ಬೈಸಿಕೊಳ್ಳುತ್ತ ಅದೇ ಕಲಿತದ್ದು. ತೊಡಕು ಇದ್ದದ್ದು ಅಲ್ಲಿಯೇ. ಪ್ರೋಗ್ರಾಮ್ ಓಡುತ್ತಿರುವಾಗ ಕಲಿತದ್ದೆಲ್ಲ ಯಂತ್ರದ ಚಾಲ್ತಿ ನೆನಪಿನಲ್ಲಿ, ಅಂದರೆ ಮೆಮೊರಿಯಲ್ಲಿ, ಇರುತ್ತದೆ. ಯಂತ್ರ ನಿಂತರೆ ಅದೂ ಹೋಯಿತು. ಮತ್ತೆ ಫೈಲು ತೆರೆದರೆ ನಿನ್ನೆ ಹುಟ್ಟಿದ ಕೂಸಿನ ಹಾಗೆ ಮೊದಲಿನಿಂದ ಶುರು. ಮುಖ್ಯವಾದದ್ದನ್ನು ಬೇರೆ ಕಡೆ ಉಳಿಸಿಡಬಹುದು, ನಿಜ. ಆದರೆ ಯಾವುದು ಮುಖ್ಯ ಎಂದು ಮೊದಲೇ ಗೊತ್ತಿರಬೇಕಲ್ಲ. ಅನುಭವ ಹಾಗೆ ಬಿಡಿಬಿಡಿಯಾಗಿ ಕೈಗೆ ಸಿಗುವುದಿಲ್ಲ.

ಇಂಚರಾಳ ಉಪಾಯ ನೇರವಾಗಿತ್ತು. ಓಡುತ್ತಿರುವ ಪ್ರೋಗ್ರಾಮನ್ನು ಒಂದು ಕ್ಷಣ ಇದ್ದಲ್ಲೇ ಹಿಡಿದು ನಿಲ್ಲಿಸುವುದು. ಅದರ ನೆನಪನ್ನು ಆರಿಸದೆ, ಸೋಸದೆ, ಇಡಿಯಾಗಿ ಎತ್ತುವುದು. ಅದನ್ನೇ ಹೊಸ ಪ್ರೋಗ್ರಾಮ್ ಫೈಲಾಗಿ ಬರೆದುಬಿಡುವುದು. ಆ ಫೈಲು ಎಲ್ಲಿ ತೆರೆದರೂ ನಿಂತ ಜಾಗದಿಂದ ಮುಂದುವರಿಯುತ್ತದೆ. ತಾನು ನಡುವೆ ನಿಂತಿದ್ದೆ ಎನ್ನುವುದೂ ಅದಕ್ಕೆ ತಿಳಿಯದು. ಚಿಕ್ಕಪುಟ್ಟ ಪ್ರೋಗ್ರಾಮುಗಳಲ್ಲಿ ಹಿಂದಿನವರೂ ಇದನ್ನು ಮಾಡಿದ್ದುಂಟು. ಕಲಿಯುವ, ಮಾತಾಡುವ, ಊರನ್ನೇ ಹೊತ್ತ ಪ್ರೋಗ್ರಾಮಿನಲ್ಲಿ ಮಾಡಿ ತೋರಿಸಿದವಳು ಈಕೆ. ಇದಕ್ಕೆ 'ಹೆಪ್ಪು' ಎಂದು ಹೆಸರಿಟ್ಟಳು. ನಿನ್ನೆಯ ಮೊಸರು ಒಂದು ಚಮಚ ಇದ್ದರೆ ಯಾರ ಮನೆಯ ಹಾಲಾದರೂ ಮೊಸರಾಗುತ್ತದೆ. ನಿನ್ನೆಯದು ಹುಳಿಯಾಗಿದ್ದರೆ ಇವತ್ತಿನದೂ ಹುಳಿಯೇ ಎನ್ನುವುದು, ದಿನಾ ಮನೆಯಲ್ಲಿ ಮೊಸರು ಮಾಡುವ ಈ ಹೆಣ್ಣುಮಗಳಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ.

ಗಂಗವ್ವ ಹೋದ ಊರುಗಳಲ್ಲಿ ಸೋರಿಕೆ ನಿಂತಿತು. ಪಂಪು ಸುಡುವುದು ನಿಂತಿತು. ನೀರು ಬಿಡುವವನ ಮನೆಗೆ ಬೆಳಿಗ್ಗೆದ್ದು ಜಗಳಕ್ಕೆ ಹೋಗುವವರೂ ಕಡಿಮೆಯಾದರು. ಗರಗನಾಳದಲ್ಲೇ ಇಂಚರಾಳ ಮನೆಯ ಟಾಕಿ ಹೆಪ್ಪು ಹಾಕಿದ ಮೇಲೆ ಒಮ್ಮೆಯೂ ಖಾಲಿಯಾಗಿರಲಿಲ್ಲ. ಬಂದವರಿಗೆಲ್ಲ ಆಕೆ ಇದನ್ನು ಹೇಳಿಕೊಂಡು ಹಿಗ್ಗುತ್ತಿದ್ದಳು.

ಈಗ ಸರ್ಕಾರ ಇನ್ನೊಂದು ಹೆಜ್ಜೆ ಇಟ್ಟಿತು. ರಾಜ್ಯದ ಎಲ್ಲ ಊರುಗಳಿಗೂ ಗಂಗವ್ವನನ್ನೇ ಕೊಡುವುದು, ಅದೂ ಕಂಪ್ಯೂಟರ್ ಚಿಪ್‌ನಲ್ಲಿ ಶಾಶ್ವತವಾಗಿ ಕೆತ್ತಿ. ಆಮೇಲೆ ಯಾವ ಕಳ್ಳ ಪ್ರೋಗ್ರಾಮೂ ಅದನ್ನು ಕೆಡಿಸಲಾರದು. ಹಾಗೆಯೇ ಕೆತ್ತಿದವರೂ ತಿದ್ದಲಾರರು. ಮಂತ್ರಿಗಳ ಎದುರು ಒಂದು ಸಭೆ, ಒಂದು ಒಪ್ಪಿಗೆ, ಅಷ್ಟೇ ಬಾಕಿ. ಸಭೆಯಲ್ಲಿ ತೋರಿಸಲು ಜನರ ಮೆಚ್ಚುಗೆಯ ವಿಡಿಯೊ ಬೇಕು ಎಂದು ಮುಖ್ಯ ಎಂಜಿನಿಯರ್ ಪಾರೀಶ ಉಪಾಧ್ಯೆ ಹೇಳಿದರು. "ಬಡವರು ಮಾತಾಡಿದ್ದು ಇರಲಿ ಅಕ್ಕಾರ. ನೋಡೂಕ ಛಲೋ ಕಾಣತೈತಿ."

ಹಾಗಾಗಿ ಇಂಚರಾ ಹೊಳೆಬಾಗೂರಿಗೆ ಹೋದಳು. ಅಲ್ಲಿ ಗಂಗವ್ವ ಬಂದು ವರ್ಷಗಳಾಗಿದ್ದವು. ಊರ ತುದಿಯ ಓಣಿಯಲ್ಲಿ ದುರಗವ್ವ ಎಂಬಾಕೆ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದಳು. ಬಾಗಿಲ ಮುಂದೆ ಖಾಲಿ ಕೊಡಗಳು ಸಾಲಾಗಿ ನಿಂತಿದ್ದವು. ಬಿಸಿಲಿನಿಂದ ಬಂದವಳನ್ನು ಕಂಡು ದುರಗವ್ವ ಮೊದಲು ಮಾಡಿದ ಕೆಲಸವೆಂದರೆ ತಂಬಿಗೆಯಲ್ಲಿ ನೀರು ತಂದುಕೊಟ್ಟದ್ದು. ಇಂಚರಾ ಗಟಗಟನೆ ಕುಡಿದು ಕ್ಯಾಮೆರಾ ಹಚ್ಚಿದಳು.

"ನೀರು ಹೆಂಗ ಬರ್ತಾವ ದುರಗವ್ವಾ?"

"ಬರ್ತಾವ್ರೀ. ಎಲ್ಲಾರದೂ ಆದಮ್ಯಾಲೆ ಬರ್ತಾವ. ಒಮ್ಮೊಮ್ಮೆ ಬರೂದಿಲ್ಲ."

"ಯಾವಾಗಿಂದ?"

"ಮೊದಲಿಂದ ಹಂಗ ಐತೆಲ್ರೀ." ಆಕೆ ದೂರುವ ದನಿಯಲ್ಲಿ ಹೇಳಲಿಲ್ಲ, ಕೇಳಿದ್ದಕ್ಕೆ ಹೇಳಿದಳು. "ಹೋದ ವರ್ಷ ಮಗಳ ಲಗ್ನದಾಗ ಒಂದೀಟು ಫಜೀತಿ ಆತು. ಬೀಗರು ಬಂದು ಕುಂತಾರ, ಕಾಲಿಗೆ ಕೊಡೂಕ ನೀರಿಲ್ಲ. ಫೋನ್ ಹಚ್ಚಿದೆ. 'ಸ್ವಲ್ಪ ಕಾಯ್ರಿ ತಾಯಿ' ಅಂತು. ಭಾಳ ಮರ್ಯಾದಿಲೆ ಮಾತಾಡತೈತ್ರೀ ಅದು."

"ಆಮ್ಯಾಲೆ?"

"ಕಾಯ್ದಿವಿ. ಬೀಗರು ಕಾಲು ತೊಳಿದನ ಒಳಗ ಬಂದ್ರು. ನನ್ನ ಮಗಳು ಇವತ್ತಿಗೂ ಅದನ್ನ ಅನ್ನಿಸಿಕೋತಾಳ ಅವರ ಮನ್ಯಾಗ."

ಇಂಚರಾ ಕ್ಯಾಮೆರಾ ಆರಿಸಿದಳು. ಎಲ್ಲೋ ಒಂದು ವಾಲ್ವ್ ಕೆಟ್ಟಿರಬೇಕು ಎಂದುಕೊಂಡು ಪಂಪ್‌ಹೌಸಿಗೆ ನಡೆದಳು. ಯಾವ ವಾಲ್ವೂ ಕೆಟ್ಟಿರಲಿಲ್ಲ.

"ಗಂಗವ್ವ, ಆ ತುದಿ ಓಣಿಗೆ ಯಾಕ ಯಾವಾಗಲೂ ಕೊನೀಗೆ ಬಿಡ್ತಿ?"

"ಅವರು ಕಾಯ್ತಾರ್ರೀ ಅಕ್ಕಾರ."

"ಯಾರು ಹೇಳಿದ್ರು ನಿನಗ?"

"ನೀವ ಹೇಳಿದ್ರೆಲ್ಲ."

"ನಾನು? ಯಾವಾಗ?"

"ನಾ ಈ ಊರಿಗೆ ಬರೂಕಿಂತ ಸ್ವಲ್ಪ ಮೊದಲ."

ಇಂಚರಾಳಿಗೆ ಹೆಪ್ಪು ತೆಗೆದ ದಿನ ನೆನಪಾಯಿತು. ಆ ದಿನ ಪೂರ್ತಿ ಕಣ್ಣಮುಂದೆ ಬಂತು. ಅಂದು ಮನೆಯಲ್ಲಿ ಮಗಳ ಕುಬಸ. ಏಳು ತಿಂಗಳ ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಕಾರ್ಯ. ಊಟದ ಪಂಕ್ತಿ ನಡೆದಿರುವಾಗ ಟಾಕಿ ಖಾಲಿಯಾಯಿತೆಂದು ಗಂಡ ಲ್ಯಾಬಿಗೆ ಫೋನ್ ಮಾಡಿದ. ಆಕೆ ಹೆಪ್ಪು ತೆಗೆಯುವ ಗಡಿಬಿಡಿಯಲ್ಲಿದ್ದಳು. ನಮ್ಮ ಓಣಿಯ ವಾಲ್ವ್ ತೆರೆದೇ ಇಡು ಎಂದಳು. ಈಗ ತುದಿ ಓಣಿಯ ಪಾಳಿ, ಅವರಿಗೇನು ಮಾಡಲಿ ಎಂದು ಗಂಗವ್ವ ಕೇಳಿತು. "ಅವರು ಕಾಯ್ತಾರ ಬಿಡು," ಎಂದಳು. ಇವತ್ತೊಂದು ದಿನ ಎನ್ನುವುದು ಮನಸ್ಸಿನಲ್ಲಿತ್ತು, ಬಾಯಿಗೆ ಬರಲಿಲ್ಲ. ಉತ್ತರಕ್ಕೆ ಕಾಯದೆ ಗುಂಡಿ ಒತ್ತಿ, ಹೋಳಿಗೆ ಊಟಕ್ಕೆ ಮನೆಗೆ ಓಡಿದಳು. ಮನೆಯಲ್ಲಿ ಕಾರ್ಯವಿದ್ದಾಗ ನೀರು ಬಿಡುವವನಿಗೆ ಒಂದು ಮಾತು ಹೇಳುವುದು ನಮ್ಮ ಕಡೆ ತಪ್ಪೆಂದು ಯಾರೂ ಎಣಿಸುವುದಿಲ್ಲ. ಹೇಳದಿದ್ದರೆ ದಡ್ಡರು ಎನ್ನುತ್ತಾರೆ.

"ಅದು ಗರಗನಾಳದ ಓಣಿಯ ಮಾತು. ಇಲ್ಲಿ ಯಾವ ಓಣಿ ಅಂತ ಹೆಂಗ ತಿಳೀತು ನಿನಗ?"

"ಗುರುತು ಹಿಡಿಯೂದು ತ್ರಾಸ ಇಲ್ರೀ. ಅವರು ಫೋನ್ ಮಾಡೂದು ಕಡಿಮಿ. ಮಾಡಿದ್ರೂ ಬೈಯೂದಿಲ್ಲ. ಎಲ್ಲಾ ಊರಾಗೂ ಅದಾರ ಅಂಥವರು."

ಅದು ತಪ್ಪು ಹೇಳಲಿಲ್ಲ, ಸುಳ್ಳೂ ಹೇಳಲಿಲ್ಲ. ಹೇಳಿದ್ದನ್ನು ಮರೆಯದೆ ಮಾಡುತ್ತಿತ್ತು.

ಮುಂದಿನ ದಿನಗಳಲ್ಲಿ ಇಂಚರಾ ಆ ಒಂದು ಮಾತನ್ನು ಕಿತ್ತು ತೆಗೆಯಲು ನೋಡಿದಳು. ಆಗಲಿಲ್ಲ. ಎಬ್ಬಿಸಿದ ಮರುಕ್ಷಣದಿಂದ ಗಂಗವ್ವ ಕಲಿತದ್ದೆಲ್ಲ ಅದರ ಮೇಲೆಯೇ ನಿಂತಿತ್ತು. ಟಾಕಿಗಳು ಖಾಲಿಯಾಗದಿದ್ದದ್ದು, ಜಗಳ ನಿಂತದ್ದು, ಎಲ್ಲದರಲ್ಲೂ ಕಾಯುವವರ ಪಾಲಿತ್ತು. ಸಾರಿಗೆ ಉಪ್ಪು ಹಾಕಿದ ಮೇಲೆ ಉಪ್ಪನ್ನು ಮಾತ್ರ ತೆಗೆಯುವುದು ಹೇಗೆ? ಅದಕ್ಕಿಂತ ಹಳೆಯ ಹೆಪ್ಪು ಇರಲಿಲ್ಲ. ತೆಗೆಯಬೇಕೆಂದರೆ ಇಡಿಯಾಗಿ ಚೆಲ್ಲಬೇಕು, ಏನೂ ಅರಿಯದ ಬರಿಯ ಪ್ರೋಗ್ರಾಮಿನಿಂದ ಮತ್ತೆ ಶುರು ಮಾಡಬೇಕು. ಆಕೆಯ ಆಯುಷ್ಯದ ಕೆಲಸವೆಂದರೆ ಇದೊಂದೇ.

ಉಪಾಧ್ಯೆಯವರಿಗೆ ಹೇಳಿದಳು. ಅವರು ಕೆಟ್ಟ ಮನುಷ್ಯರಲ್ಲ.

"ಸುಮ್ಮನಿರ್ರಿ ಅಕ್ಕಾರ. ಗಂಗವ್ವ ಬರೂಕಿಂತ ಮೊದಲೂ ಅವರಿಗೆ ತಡಾನ ಬರ್ತಿತ್ತು. ಈಗೂ ತಡ ಬರತೈತಿ. ಅವರಿಗೇನೂ ಹೊಸದಾಗಿ ಲುಕ್ಸಾನ ಆಗಿಲ್ಲ. ನೀವು ಬಾಯಿ ಬಿಟ್ರ ನಿಮ್ಮ ಹೆಸರು ಹೋಗತೈತಿ, ಯೋಜನೆ ಹೋಗತೈತಿ, ಎಲ್ಲಾರೂ ನೀರಿಲ್ಲದ ಕೂಡತಾರ."

ಇಂಚರಾ ಒಪ್ಪಿದಳು. ಆಕೆ ಒಪ್ಪಿದ್ದನ್ನು ಮುಚ್ಚಿಟ್ಟು ಕತೆ ಹೇಳುವುದರಲ್ಲಿ ಅರ್ಥವಿಲ್ಲ. ಸರಿ, ಸುಮ್ಮನಿರುತ್ತೇನೆ ಎಂದು ಹೇಳಿ ಮನೆಗೆ ಹೋದಳು, ತುಂಬಿದ ಟಾಕಿಯ ನೀರಿನಲ್ಲಿ ಸ್ನಾನ ಮಾಡಿದಳು. ಕಾಲು ತೊಳೆಯುವಾಗ ದುರಗವ್ವನ ಬೀಗರು ನೆನಪಾದರು. ಆದರೂ ಸುಮ್ಮನಿದ್ದಳು.

ಸಭೆಯ ದಿನ ಮಂತ್ರಿಗಳ ಎದುರು ಫೈಲು ತೆರೆದರು. "ಆತ್ರೀ ಅಕ್ಕಾರ, ಹಂಗ ಮಾಡ್ತೇನಿ," ಎಂದಿತು ಗಂಗವ್ವ. ಕತೆ ಗೊತ್ತಿದ್ದವರು ಆಗಲೇ ನಗತೊಡಗಿದರು. ಮಂತ್ರಿಗಳೂ ಮುಗುಳ್ನಕ್ಕು, "ಏನ ಹೇಳಿದ್ರೀ ಮೇಡಂ ಅದಕ್ಕ?" ಎಂದು ಕೇಳಿದರು.

ನೆನಪಿಲ್ಲ ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಊರೂರಿನಲ್ಲಿ ಹೇಳಿ ರೂಢಿಯಾದ ಮಾತು. ಅಷ್ಟು ವರ್ಷ ಅದು ನಿಜವಾಗಿತ್ತು, ಇನ್ನು ಮೇಲೆ ಸುಳ್ಳಾಗುತ್ತಿತ್ತು. ಇಂಚರಾ ಎದ್ದು ನಿಂತಳು.

"ನಮ್ಮ ಮನ್ಯಾಗ ಊಟ ನಡೆದಿತ್ರೀ. ತುದಿ ಓಣಿಯವರ ನೀರು ನಮ್ಮ ಮನೀಗೆ ತಿರುವು, ಅವರು ಕಾಯ್ತಾರ ಬಿಡು ಅಂತ ಹೇಳಿದ್ದೆ. ಅದಕ್ಕ ಅದು ಆತ್ರೀ ಅಂತೈತಿ. ಎಲ್ಲಾ ಊರಾಗೂ ಅದನ್ನ ಮಾಡಾಕತ್ತೈತಿ. ಇದನ್ನ ಕೆತ್ತಬ್ಯಾಡ್ರಿ."

ನಗುತ್ತಿದ್ದವರು ನಗು ಎಲ್ಲಿಡಬೇಕೆಂದು ತಿಳಿಯದೆ ಕುಳಿತರು. ಉಪಾಧ್ಯೆ ಮೇಜನ್ನೇ ನೋಡುತ್ತಿದ್ದರು.

ಹೆಪ್ಪನ್ನು ಅಳಿಸಿದರು. ಇಂಚರಾಳನ್ನು ಪತ್ರಿಕೆಗಳು ಆಡಿಕೊಂಡವು. ಆಕೆಯ ಓಣಿಯವರು ಇನ್ನೂ ಜಾಸ್ತಿ ಆಡಿಕೊಂಡರು, ಯಾಕೆಂದರೆ ಅವರ ಟಾಕಿಗಳೂ ಖಾಲಿಯಾದವು. ಏನೂ ಅರಿಯದ ಹೊಸ ಗಂಗವ್ವನನ್ನು ಹೊಳೆಬಾಗೂರಿನ ತುದಿ ಓಣಿಯಿಂದಲೇ ಕಲಿಸಲು ಶುರು ಮಾಡುವುದೆಂದು ಆಯಿತು. ಅದು ಎಡವುತ್ತ, ತಪ್ಪು ವಾಲ್ವ್ ತಿರುಗಿಸುತ್ತ ಕಲಿಯುತ್ತಿತ್ತು. ಇಂಚರಾ ದುರಗವ್ವನ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದಳು. ತಪ್ಪು ನಂದು, ನಿನ್ನ ಮಗಳಿಗೂ ನಾನೇ ಹೋಗಿ ಹೇಳುತ್ತೇನೆ ಎಂದಳು.

ದುರಗವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನಮ್ಮ ಅತ್ತಿ ಇದ ಓಣ್ಯಾಗ ಸತ್ತಳ್ರೀ. ಇರೂತನಕ ಕಾಯ್ಕೋತನ ಇದ್ದಳು. ಆಗ ಈ ಮಷೀನ ಎಲ್ಲಿತ್ತು?" ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ ನೀರು ಸವರಿದಳು. "ಅದಕ್ಕ ನೀವು ಹೇಳಿಕೊಟ್ರಿ. ನಿಮಗ ಯಾರು ಹೇಳಿಕೊಟ್ರು?"

ಇಂಚರಾಳಿಗೆ ಎರಡು ಸಾವಿರದ ಇಪ್ಪತ್ತರ ಆಚೀಚಿನ ಒಂದು ಬೆಳಗು ನೆನಪಾಯಿತು. ಆಕೆ ಚಿಕ್ಕವಳು. ಮನೆಯಲ್ಲಿ ಏನೋ ಕಾರ್ಯ. ಅಪ್ಪ ಸೋಫಾದಲ್ಲಿ ಕುಳಿತು, ಮೊಬೈಲ್ ಕಿವಿಗೆ ಹಿಡಿದು, ನೀರು ಬಿಡುವವನೊಡನೆ ನಗುನಗುತ್ತ ಮಾತಾಡುತ್ತಿದ್ದಾರೆ. ಯಾರ ಮನಸ್ಸನ್ನೂ ನೋಯಿಸದ ಅಪ್ಪ. "ಅವರು ಕಾಯ್ತಾರ ಬಿಡೋ ಮಾರಾಯ, ನಮ್ಮ ಕಡೆ ತಿರುವು." ಅಪ್ಪನಿಗೆ ಅದನ್ನು ಹೇಳಿಕೊಟ್ಟವರೂ ಯಾರೋ ಇರಬೇಕು.

"ನೀರು ಬರೂ ಹೊತ್ತಾತೇನು?" ಎಂದು ಕೇಳಿದಳು.

"ಇನ್ನೂ ಹೊತ್ತೈತ್ರೀ. ಕೂಡ್ರಿ."

ಖಾಲಿ ಕೊಡಗಳ ಪಕ್ಕ ಇಂಚರಾ ಕಟ್ಟೆಯ ಮೇಲೆ ಕುಳಿತಳು. ಬಿಸಿಲು ಏರಿತ್ತು, ಗಂಟಲು ಒಣಗಿತ್ತು. ಕುಡಿಯಲು ನೀರು ಕೇಳಲು ನಾಚಿಕೆಯಾಯಿತು.